ಶಾಲೆಯ ದಾರಿಯೂ ವಿದ್ಯಾರ್ಥಿವೇತನದ ಲೆಕ್ಕಕ್ಕೆ ಬರಲಿ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ಇಂದು ಸಹಾಯ ಪಡೆಯುವ ಪ್ರತಿಯೊಂದು ಮಗುವಿನ ಅರ್ಜಿಯಲ್ಲೂ ಹೆಸರು, ತರಗತಿ, ಕಳೆದ ವರ್ಷದ ಅಂಕ, ತಂದೆಯ ಉದ್ಯೋಗ, ಮನೆಯ ಆದಾಯ ಎಲ್ಲವೂ ಇವೆ. ಒಂದು ಮಾತ್ರ ಇಲ್ಲ. ಈ ಮಗು ಮನೆಯಿಂದ ಶಾಲೆಗೆ ಹೇಗೆ ಹೋಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ದಾರಿಯಲ್ಲಿ ಏನಿದೆ ಎಂಬುದನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಇಂದಿನ ನಮ್ಮ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಫೀ ಕಟ್ಟಿದೆವು, ಪುಸ್ತಕ ಕೊಟ್ಟೆವು ಎಂದರೆ ಮಗು ಶಾಲೆ ಮುಟ್ಟಿತು ಎಂದಾಗುವುದಿಲ್ಲ. ಮುಟ್ಟಬೇಕು, ಆರೋಗ್ಯವಾಗಿ ಮುಟ್ಟಬೇಕು, ಸಂಜೆ ಆರೋಗ್ಯವಾಗಿ ಮನೆಗೆ ತಿರುಗಿ ಬರಬೇಕು.

ಮೊದಲು ಒಳ್ಳೆಯ ಮಾತು ಹೇಳೋಣ. ನಡೆಯುವುದು, ಸೈಕಲ್ ಹೊಡೆಯುವುದು ಮಕ್ಕಳಿಗೆ ಔಷಧವಿದ್ದಂತೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಚುರುಕಾಗಿ ನಡೆದರೆ ಆ ಲೆಕ್ಕ ಬಹುಪಾಲು ತುಂಬಿತು. ಮೂಳೆ ಗಟ್ಟಿಯಾಗುತ್ತದೆ, ಹಸಿವು ಚೆನ್ನಾಗಿ ಆಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಡೆನ್ಮಾರ್ಕ್ ದೇಶದಲ್ಲಿ 2012ರಲ್ಲಿ ಸುಮಾರು 20 ಸಾವಿರ ಮಕ್ಕಳನ್ನು ಪರೀಕ್ಷಿಸಿದಾಗ, ನಡೆದು ಅಥವಾ ಸೈಕಲ್ ಮೇಲೆ ಬಂದ ಮಕ್ಕಳು ವಾಹನದಲ್ಲಿ ಬಂದವರಿಗಿಂತ ಹೆಚ್ಚು ಏಕಾಗ್ರತೆ ತೋರಿದರು. ಇದು ನಮಗೇನೂ ಹೊಸದಲ್ಲ. ವರ್ಷಾನುಗಟ್ಟಲೆ ಹಾಜರಿ ಕರೆದವರು ನಾವು. ಗೆಳೆಯರ ಜೊತೆ ಮಾತಾಡುತ್ತ ನಡೆದು ಬಂದ ಹುಡುಗ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವುದು ಕಡಿಮೆ.

ಹಾಗಿದ್ದರೆ ತೊಂದರೆ ಏನು? ಈ ಔಷಧ ಎಲ್ಲ ಮಕ್ಕಳಿಗೆ ಒಂದೇ ಪ್ರಮಾಣದಲ್ಲಿ ಸಿಗುತ್ತಿಲ್ಲ. ಅನುಕೂಲಸ್ಥರ ಮಗು ಮನೆ ಬಾಗಿಲಲ್ಲಿ ವ್ಯಾನ್ ಹತ್ತಿ ಶಾಲೆಯ ಗೇಟಿನಲ್ಲಿ ಇಳಿಯುತ್ತದೆ. ಸಂಜೆ ಟ್ಯೂಷನ್ನು, ಆಮೇಲೆ ಮೊಬೈಲು. ಅದಕ್ಕೆ ನಡಿಗೆಯೇ ಇಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಕಬ್ಬು ಬೆಳೆದು ಊರಿಗೆಲ್ಲ ಸಕ್ಕರೆ ಕೊಡುವ ನಮ್ಮ ತಾಲೂಕುಗಳಲ್ಲಿ ಚಹಾಕ್ಕೆ ಸಕ್ಕರೆ ಬೇಡ ಎನ್ನುವವರು ಎಷ್ಟು ಮಂದಿ ಆಗಿದ್ದಾರೆ ಎಂಬುದನ್ನು ನೀವೇ ನೋಡಿ. ಇತ್ತ ತೋಟದ ವಸತಿಯ ಮಗು, ಕೂಲಿಕಾರರ ಮಗು, ಊರ ಹೊರಗಿನ ಕಾಲೊನಿಯ ಮಗು ಬೇಕಾದ್ದಕ್ಕಿಂತ ಹೆಚ್ಚು ನಡೆಯುತ್ತದೆ. ಅದೂ ಖಾಲಿ ಹೊಟ್ಟೆಯಲ್ಲಿ, ಭಾರದ ಚೀಲ ಹೊತ್ತು, ಲಾರಿ-ಟ್ರ್ಯಾಕ್ಟರುಗಳ ಪಕ್ಕದಲ್ಲಿ. ಒಂದೇ ನಡಿಗೆ ಒಬ್ಬನಿಗೆ ಸಿಗದ ಔಷಧ, ಇನ್ನೊಬ್ಬನಿಗೆ ಮೈಮೇಲಿನ ಹೊರೆ. ಆರೋಗ್ಯದಲ್ಲಿ ಸಮಾನತೆ ಇಲ್ಲ ಎಂಬ ದೊಡ್ಡ ಮಾತಿನ ಅರ್ಥ ನಮ್ಮ ಊರುಗಳಲ್ಲಿ ಇಷ್ಟು ಸರಳ.

ಸ್ವಲ್ಪ ಲೆಕ್ಕ ಮಾಡೋಣ. ನಮಗೆ ಮೇಷ್ಟ್ರಿಗೆ ಲೆಕ್ಕ ಬಿಟ್ಟರೆ ಸಮಾಧಾನವಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ ನಿಯಮಗಳಂತೆ 1ರಿಂದ 5ನೇ ತರಗತಿಯ ಮಗುವಿಗೆ ಮನೆಯಿಂದ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಯ ಮಗುವಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಪ್ರೌಢಶಾಲೆಗೆ 5 ಕಿ.ಮೀ. ಎಂಬುದು ಸರ್ಕಾರದ ಯೋಜನೆಯ ಗುರಿ. ಮಗು ತಾಸಿಗೆ 4 ಕಿ.ಮೀ. ನಡೆಯುತ್ತದೆ ಎಂದಿಟ್ಟುಕೊಂಡರೆ 3 ಕಿ.ಮೀ.ಗೆ 45 ನಿಮಿಷ. ಹೋಗಿ ಬರಲು ಒಂದೂವರೆ ತಾಸು. ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಶಾಲಾ ದಿನ, 1,000 ತಾಸು ಪಾಠ. 220 ದಿನ ಒಂದೂವರೆ ತಾಸಿನಂತೆ ನಡೆದರೆ 330 ತಾಸು ಆಯಿತು. ಅಂದರೆ ಪಾಠ ಕೇಳುವ ಹೊತ್ತಿನ ಮೂರನೇ ಒಂದು ಭಾಗದಷ್ಟು ಹೊತ್ತು ಆ ಮಗು ರಸ್ತೆಯ ಮೇಲಿರುತ್ತದೆ. ನಿಯಮ ಸರಿಯಾಗಿ ಪಾಲನೆಯಾದಾಗಲೇ ಈ ಲೆಕ್ಕ. ಪ್ರೌಢಶಾಲೆ 5 ಕಿ.ಮೀ. ದೂರವಿದ್ದರೆ ಹೋಗಿ ಬರಲು ಎರಡೂವರೆ ತಾಸು. ಉರ್ದು ಮಾಧ್ಯಮದಲ್ಲಿ ಏಳನೇ ಇಯತ್ತೆ ಮುಗಿಸಿದ ಮಗುವಿಗೆ ಅದೇ ಮಾಧ್ಯಮದ ಪ್ರೌಢಶಾಲೆ ಬೇಕೆಂದರೆ ಹಳ್ಳಿಯಿಂದ ಪಟ್ಟಣಕ್ಕೇ ಹೋಗಬೇಕಾಗುವುದು ಹೆಚ್ಚು. ಎಂಟನೇ ತರಗತಿಗೆ ಹೆಸರು ಹಚ್ಚುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಗಳ ಓದು ನಿಲ್ಲುವುದು ಅಂಕ ಕಡಿಮೆ ಬಂತೆಂದಲ್ಲ, ದಾರಿ ಉದ್ದವಾಯಿತೆಂದು.

ಇನ್ನು ಹೊಟ್ಟೆಯ ಮಾತು. ಬೇಗ ಹೊರಡಬೇಕಾದ ಮಗು ಅರ್ಧ ರೊಟ್ಟಿ, ಒಂದು ಬಟ್ಟಲು ಚಹಾ ಕುಡಿದು ಹೊರಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ ಶೇ 31. ರಕ್ತ ಕಡಿಮೆ ಇರುವ ಹುಡುಗಿ ಒಂದು ತಾಸು ನಡೆದರೆ ಅದು ವ್ಯಾಯಾಮವಲ್ಲ, ದಣಿವು. ದಾರಿಯಲ್ಲಿ ಶೌಚಾಲಯವಿಲ್ಲ ಎಂದು ನೀರೇ ಕುಡಿಯದೆ ಹೊರಡುವ ಹುಡುಗಿಯರಿದ್ದಾರೆ. ತಲೆನೋವು, ಮೂತ್ರದ ಉರಿ ಅಲ್ಲಿಂದ ಶುರು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ, ಬಿಸಿಯೂಟದಲ್ಲಿ ಮೊಟ್ಟೆ ಬಂದಿದೆ. ಅದನ್ನು ಮಕ್ಕಳು ಬಿಡದೆ ತೆಗೆದುಕೊಳ್ಳುವಂತೆ ತಾಯಂದಿರು ನೋಡಬೇಕು. ಆದರೆ ಆ ಹಾಲು ಸಿಗುವುದು ನಡಿಗೆ ಮುಗಿದ ಮೇಲೆ.

ಚೀಲದ ಭಾರ ಇನ್ನೊಂದು. ರಾಜ್ಯ ಶಿಕ್ಷಣ ಇಲಾಖೆ 2019ರಲ್ಲಿ ಆದೇಶ ಹೊರಡಿಸಿ, ಚೀಲ ಮಗುವಿನ ತೂಕದ ಶೇ 10ನ್ನು ಮೀರಬಾರದು ಎಂದಿತು. 1–2ನೇ ತರಗತಿಗೆ ಒಂದೂವರೆಯಿಂದ 2 ಕಿಲೊ, 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕಿಲೊ. ಇಂದು ಮನೆಗೆ ಹೋದ ಮೇಲೆ ಮಗುವಿನ ಚೀಲವನ್ನು ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿ. ವ್ಯಾನಿನಲ್ಲಿ ಹೋಗುವ ಮಗು ಆ ಭಾರವನ್ನು ಸೀಟಿನ ಕೆಳಗೆ ಇಡುತ್ತದೆ, ನಡೆಯುವ ಮಗು ಬೆನ್ನ ಮೇಲೆ ಹೊರುತ್ತದೆ. ಅದೇ ಪುಸ್ತಕ, ಅದೇ ಆದೇಶ, ಆದರೆ ನೋವು ಬರುವುದು ಒಬ್ಬರಿಗೆ ಮಾತ್ರ.

ಎಲ್ಲಕ್ಕಿಂತ ದೊಡ್ಡ ಮಾತು ರಸ್ತೆಯದು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ ಹಾದು ಗೋಕಾಕಕ್ಕೆ ಬರುವ ರಸ್ತೆಯಾಗಲಿ, ಮೂಡಲಗಿಯ ಕಡೆಯ ರಸ್ತೆಗಳಾಗಲಿ, ಕಬ್ಬಿನ ಹಂಗಾಮಿನಲ್ಲಿ ಹೇಗಿರುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ, ಎರಡೂ ಕಡೆ ಹೊರಚಾಚಿದ ಕಬ್ಬು, ಹಿಂದೆ ದೀಪವಿಲ್ಲ. ಹಂಗಾಮು ನಡೆಯುವ ತಿಂಗಳುಗಳಲ್ಲೇ ಬೆಳಿಗ್ಗೆ ಮಂಜು, ಸಂಜೆ ಬೇಗ ಕತ್ತಲೆ. ಡಾಂಬರಿನ ಅಂಚಿನಲ್ಲಿ ನಡೆಯುತ್ತಿದ್ದ ಮಕ್ಕಳು ಟ್ರ್ಯಾಲಿ ಬಂದಾಗ ಗಟಾರಕ್ಕೆ ಇಳಿಯಬೇಕು. ಕೆಲವು ಹುಡುಗರು ಇಳಿಯುವುದಿಲ್ಲ, ಓಡಿಹೋಗಿ ಕಬ್ಬು ಜಗ್ಗುತ್ತಾರೆ. ನಾವೂ ನೀವೂ ನೋಡಿ ನಕ್ಕ ಆಟ ಅದು. ಒಂದು ಕಬ್ಬಿಗೆ ಒಂದು ಗಾಲಿ ಸಾಕು ಎಂಬುದನ್ನು ಪ್ರತಿ ಮನೆಯಲ್ಲೂ ಹೇಳಬೇಕು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು. 18 ವರ್ಷದೊಳಗಿನವರು 9,528. ದಿನಕ್ಕೆ 26 ಮಕ್ಕಳು. ವಾಹನದ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ಮುಂದೆ ಒಂದು ರಸ್ತೆ ಉಬ್ಬು ಹಾಕಿಸುವುದು ಸಣ್ಣ ಕೆಲಸವಲ್ಲ ಎಂದು ಇದರಿಂದ ತಿಳಿಯಬಹುದು.

ಮಳೆಗಾಲದಲ್ಲಿ ನದಿಯೂ ದಾರಿಯೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೇ ಬಂದಳು. ಲೋಳಸೂರ ಸೇತುವೆ ಆಗಲೂ ಮುಳುಗಿತು, 2024ರ ಜುಲೈಯಲ್ಲೂ ಮುಳುಗಿತು. ಹಿರಣ್ಯಕೇಶಿ, ಮಾರ್ಕಂಡೇಯ ತುಂಬಿದರೂ ಹೀಗೆಯೇ. ಸೇತುವೆ ಮುಳುಗಿದಾಗ ಕಾರಿದ್ದವರು ಸುತ್ತಿ ಹೋಗುತ್ತಾರೆ. ನಡೆಯುವ ಮಗು ಮನೆಯಲ್ಲೇ ಉಳಿಯುತ್ತದೆ. ನೀರು ಇಳಿದ ಮೇಲೂ ಹಳ್ಳದ ಕೆಸರು ಇಳಿಯಲು ವಾರ ಬೇಕು. ಹಾಜರಿ ಪುಸ್ತಕದಲ್ಲಿ ಬರೀ ‘ಗೈರು’ ಎಂದು ಬೀಳುತ್ತದೆ. ಏಕೆ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಇದಕ್ಕೆಲ್ಲ ಪರಿಹಾರವಿಲ್ಲವೇ? ಇದೆ, ಮತ್ತು ಅದು ಪರೀಕ್ಷೆಯಾಗಿ ಗೆದ್ದದ್ದು. 2006–07ರಲ್ಲಿ ನಮ್ಮ ರಾಜ್ಯ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿತು. ಅದೇ ಸುಮಾರಿಗೆ ಬಿಹಾರ ಸರ್ಕಾರ 9ನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಬಿಹಾರದ ಯೋಜನೆಯನ್ನು ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತ್ತು, ಗಂಡು-ಹೆಣ್ಣಿನ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು. ಶಾಲೆ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಲಾಭ ಕಂಡಿತು. ನಮ್ಮ ರಾಜ್ಯದ ಸೈಕಲ್ ವಿತರಣೆ ಕೋವಿಡ್ ಬಂದ ಮೇಲೆ ನಿಂತುಹೋಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಅದು ದೊಡ್ಡ ಉಪಕಾರ. ಆದರೆ ಬಸ್ಸು ಬರುವುದು ದೊಡ್ಡ ರಸ್ತೆಗೆ. ತೋಟದ ಮನೆಯಿಂದ ಆ ನಿಲ್ದಾಣದವರೆಗಿನ ಎರಡು ಮೂರು ಕಿ.ಮೀ. ಹಾಗೆಯೇ ಉಳಿದಿದೆ. ಆ ತುಂಡು ದಾರಿಗೆ ಸೈಕಲ್ಲೇ ಬೇಕು. ಸೈಕಲ್ ತಾಸಿಗೆ 12 ಕಿ.ಮೀ. ಹೋದರೆ 3 ಕಿ.ಮೀ.ಗೆ ಕಾಲು ತಾಸು ಸಾಕು. ಆಗಲೇ ಹೇಳಿದ 330 ತಾಸಿನಲ್ಲಿ 220 ತಾಸು ಮಗುವಿಗೆ ಮರಳಿ ಸಿಗುತ್ತದೆ, ಮೈಗೆ ಬೇಕಾದ ವ್ಯಾಯಾಮವೂ ಉಳಿಯುತ್ತದೆ.

ಹೆಣ್ಣುಮಗಳು ಸೈಕಲ್ ಹೊಡೆಯುವುದೇ ಎಂದು ಇಲ್ಲಿ ಕುಳಿತ ಕೆಲವು ಹಿರಿಯರ ಮನಸ್ಸಿನಲ್ಲಿ ಬಂದಿರಬಹುದು. ಅದನ್ನು ಬಚ್ಚಿಡದೆ ಮಾತಾಡೋಣ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಕಲಿತರು. ಅವರಲ್ಲಿ ನಮ್ಮ ಸಮಾಜದ ಹೆಣ್ಣುಮಕ್ಕಳೂ ಇದ್ದರು. ಲೇಡೀಸ್ ಸೈಕಲ್ ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ಹೊಡೆದರು. ಸಂಪ್ರದಾಯದ ಜಿಲ್ಲೆ ಅದು, ಮರ್ಯಾದೆಗೆ ಏನೂ ಕುಂದು ಬರಲಿಲ್ಲ. ನಾಲ್ಕು ಹುಡುಗಿಯರು ಒಟ್ಟಾಗಿ ಸೈಕಲ್ ಮೇಲೆ ಹೋಗುವುದು, ಒಬ್ಬಳೇ ಒಂದು ತಾಸು ನಡೆಯುವುದಕ್ಕಿಂತ ಸುರಕ್ಷಿತ. ಮಗಳ ಓದು ನಿಲ್ಲಿಸಿ ಮರ್ಯಾದೆ ಉಳಿಸಿದೆವು ಎನ್ನುವುದಕ್ಕಿಂತ, ಮಗಳ ದಾರಿ ಸರಿಮಾಡಿ ಓದು ಉಳಿಸಿದೆವು ಎನ್ನುವುದು ನಮಗೆ ಒಪ್ಪುವ ಮಾತು.

ಜ್ಞಾನ ಹುಡುಕುತ್ತ ದಾರಿ ಹಿಡಿದವರಿಗೆ ಅಲ್ಲಾಹನು ಸ್ವರ್ಗದ ದಾರಿ ಸುಗಮ ಮಾಡುತ್ತಾನೆ ಎಂಬ ಹದೀಸಿನ ಆಶಯವನ್ನು ನಾವೆಲ್ಲ ಕೇಳಿದ್ದೇವೆ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದೂ ಸದಕಾ, ಅದೂ ಈಮಾನಿನ ಒಂದು ಕೊಂಬೆ ಎಂದು ಪ್ರವಾದಿಯವರು ಕಲಿಸಿದ್ದಾರೆ. ಈ ಎರಡೂ ಮಾತು ಶಾಲೆಗೆ ಹೋಗುವ ಮಗುವಿನ ದಾರಿಯಲ್ಲಿ ಕೂಡುತ್ತವೆ. ಮುಳ್ಳು-ಕಲ್ಲು ತೆಗೆಯುವುದು ಸದಕಾ ಆದರೆ, ದೀಪವಿಲ್ಲದ ಟ್ರ್ಯಾಲಿಗೆ ಕೆಂಪು ಪಟ್ಟಿ ಹಚ್ಚುವುದೂ ಸದಕಾ. ದಾನಿಗಳಲ್ಲಿ ಒಂದು ಸಂದೇಹ ಬರುವುದು ಸಹಜ: ಜಕಾತ್ ಹಣದಿಂದ ಇದನ್ನೆಲ್ಲ ಮಾಡಬಹುದೇ? ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಅಭಿಪ್ರಾಯದಲ್ಲಿ ಜಕಾತ್ ಅರ್ಹರಾದವರ ಕೈಗೆ ಸೇರಿ ಅವರ ಸ್ವತ್ತಾಗಬೇಕು. ಅರ್ಹ ಕುಟುಂಬದ ಹೆಸರಿನಲ್ಲಿ ಕೊಟ್ಟುಬಿಟ್ಟ ಸೈಕಲ್ ಆ ರೀತಿಗೆ ಹೊಂದುತ್ತದೆ. ಎಲ್ಲರೂ ಬಳಸುವ ಫಲಕ, ರಿಫ್ಲೆಕ್ಟರ್, ರಿಪೇರಿ ನಿಧಿ ಇಂಥವಕ್ಕೆ ಸದಕಾ ಮತ್ತು ಸಾಮಾನ್ಯ ದೇಣಿಗೆಯನ್ನೇ ಬಳಸಬೇಕು. ಎರಡರ ಲೆಕ್ಕ ಬೇರೆ ಇರಲಿ, ಉಲೇಮಾಗಳನ್ನು ಕೇಳಿಯೇ ಮುಂದುವರಿಯೋಣ.

ಟ್ರಸ್ಟಿನ ಮುಂದೆ ನಾವು ಇಡುವ ಬೇಡಿಕೆಗಳು ನಾಲ್ಕು.

ಒಂದು, ಅರ್ಜಿಯಲ್ಲಿ ದಾರಿಯ ವಿವರಕ್ಕೆ ಜಾಗ ಕೊಡೋಣ. ಶಾಲೆ ಎಷ್ಟು ದೂರ, ಹೋಗಲು ಎಷ್ಟು ನಿಮಿಷ, ನಡೆದೋ ಸೈಕಲ್ಲೋ ಬಸ್ಸೋ, ಜೊತೆಗೆ ಯಾರು, ದಾರಿಯಲ್ಲಿ ಹೆದ್ದಾರಿ, ಹಳ್ಳ, ಸೇತುವೆ ಯಾವುದಾದರೂ ಇದೆಯೇ. ಎರಡು ಮಕ್ಕಳ ಅಂಕ ಮತ್ತು ಆದಾಯ ಸಮವಾದಾಗ, ದಾರಿ ಕಠಿಣವಿರುವ ಮಗುವಿಗೆ ಮೊದಲ ಹಕ್ಕು ಇರಲಿ. ದಿನಾ 10 ಕಿ.ಮೀ. ನಡೆದು ಶೇ 60 ತೆಗೆದ ಮಗು ನಮ್ಮ ಕಣ್ಣಿಗೆ ಕಡಿಮೆಯದಲ್ಲ.

ಎರಡು, ದೂರಕ್ಕೆ ತಕ್ಕ ಸಹಾಯ. ಒಂದೂವರೆ ಕಿ.ಮೀ. ಒಳಗಿದ್ದರೆ ಹಣವೇ ಬೇಡ. ಓಣಿಯ ಮಕ್ಕಳೆಲ್ಲ ಒಂದು ಗುಂಪಾಗಿ, ಸರದಿಯಂತೆ ಒಬ್ಬ ಹಿರಿಯರ ಜೊತೆ ನಡೆಯಲಿ. ಎರಡರಿಂದ ಐದು ಕಿ.ಮೀ. ಇದ್ದರೆ ಸೈಕಲ್. ಅದಕ್ಕೂ ಮೇಲಾದರೆ ಹುಡುಗರಿಗೆ ಬಸ್ ಪಾಸಿನ ಹಣ, ಬಸ್ಸಿಲ್ಲದ ಊರಿಗೆ ಹಂಚಿಕೆಯ ಆಟೊ. 2022–23ರಲ್ಲಿ ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 9–10ನೇ ತರಗತಿಗೆ ಮಾತ್ರ ಸೀಮಿತವಾಯಿತು. ಕೆಳಗಿನ ತರಗತಿಗಳ ಮಕ್ಕಳಿಗೆ ಈ ಸಣ್ಣ ಸಹಾಯವೂ ದೊಡ್ಡದು.

ಮೂರು, ಕೊಟ್ಟ ಸೈಕಲ್ ಓಡುತ್ತಿರಬೇಕು. ಪಂಕ್ಚರ್ ಆಗಿ ಗೋಡೆಗೆ ಆನಿಸಿದ ಸೈಕಲ್ ಯಾರನ್ನೂ ಶಾಲೆಗೆ ಮುಟ್ಟಿಸುವುದಿಲ್ಲ. ನಮ್ಮ ಸಮಾಜದ ಎಷ್ಟೋ ಜನ ಪಂಕ್ಚರ್ ಅಂಗಡಿ, ಗ್ಯಾರೇಜ್ ಇಟ್ಟು ಬದುಕುತ್ತಿದ್ದಾರೆ. ಆ ಕಸುಬನ್ನು ಹೀಯಾಳಿಸಿ ಮಾತಾಡುವವರೂ ಇದ್ದಾರೆ. ನಮಗೆ ಅದು ಗೌರವದ ಕಸುಬು. ಊರಿಗೊಬ್ಬ ಮಿಸ್ತ್ರಿಯ ಜೊತೆ ಮಾತಾಡಿ, ಶಾಲಾ ಮಕ್ಕಳ ಸೈಕಲ್ಲಿಗೆ ಬಿಲ್ಲು ಟ್ರಸ್ಟಿಗೆ ಬರುವಂತೆ ಮಾಡೋಣ. ಆತನಿಗೆ ಕೂಲಿ ಸಿಗಲಿ, ಮಗುವಿಗೆ ಗಾಲಿ ಸಿಗಲಿ. ಯಾವ ಸಮಾಜದ ಮಗುವಿನ ಸೈಕಲ್ ಎಂದು ಅಲ್ಲಿ ಕೇಳುವುದು ಬೇಡ. ರಸ್ತೆ ಎಲ್ಲರದು.

ನಾಲ್ಕು, ಕೇಳುವುದನ್ನು ಕಲಿಯೋಣ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ನಮ್ಮ ಮಕ್ಕಳು ಅಲ್ಲಿ ಎದ್ದು ನಿಂತು ದಾರಿಯ ತೊಂದರೆ ಹೇಳಲಿ. ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರು ಠರಾವು ಬರೆಸಲಿ. ದೂರದ ವಸತಿಗಳ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಸಾರಿಗೆ ಭತ್ಯೆಗೆ ಅವಕಾಶವಿದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು 2025ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಲೆಂಡ್ ದೇಶದಲ್ಲಿ 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತಿದ್ದರು. ತಂದೆ-ತಾಯಂದಿರು ಬೀದಿಗಿಳಿದು ಕೇಳಿದರು. ಇಂದು ಅಲ್ಲಿಯ ಮಕ್ಕಳು ಸೈಕಲ್ ಮೇಲೆ ನಿರ್ಭಯವಾಗಿ ಶಾಲೆಗೆ ಹೋಗುತ್ತಾರೆ. ಕೇಳದೆ ಯಾರಿಗೂ ಸಿಕ್ಕಿಲ್ಲ.

ಅನುಕೂಲಸ್ಥರಲ್ಲೂ ಒಂದು ವಿನಂತಿ. ಒಂಬತ್ತನೇ ತರಗತಿಯ ಮಗನ ಕೈಗೆ ಬೈಕಿನ ಕೀಲಿ ಕೊಡಬೇಡಿ. ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿ ಕಾಯ್ದೆಯಂತೆ ಪಾಲಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅದಕ್ಕಿಂತ ಮುಖ್ಯ, ಆ ಬೈಕಿನ ಎದುರಿಗೆ ನಡೆದು ಬರುವುದು ಇನ್ನೊಬ್ಬರ ಮಗು. ನಿಮ್ಮ ಮಗನನ್ನೂ ಸೈಕಲ್ ಹತ್ತಿಸಿ. ಅವನ ಆರೋಗ್ಯಕ್ಕೂ ಒಳ್ಳೆಯದು, ಸೈಕಲ್ ಬಡವರದು ಎಂಬ ನಾಚಿಕೆ ಹೋಗುವುದೂ ಆಗಲೇ. ಟ್ರ್ಯಾಕ್ಟರ್ ಇಟ್ಟ ಬಂಧುಗಳು ಈ ಹಂಗಾಮು ಶುರುವಾಗುವ ಮೊದಲು ಟ್ರ್ಯಾಲಿಯ ಹಿಂದೆ ರಿಫ್ಲೆಕ್ಟರ್ ಪಟ್ಟಿ ಹಚ್ಚಿಸಿ. ಅದನ್ನೂ ದಾನದ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇವೆ.

ಪಾಲಕರೇ, ಮುಂದಿನ ಅರ್ಜಿ ತುಂಬುವ ಮೊದಲು ಒಂದು ದಿನ ಮಗುವಿನ ಜೊತೆ ಶಾಲೆಯವರೆಗೆ ನಡೆದು ನೋಡಿ. ಗಡಿಯಾರ ನೋಡಿಕೊಳ್ಳಿ, ಚೀಲವನ್ನು ನೀವು ಹೊತ್ತುಕೊಳ್ಳಿ, ಎಲ್ಲಿ ಹೆದರಿಕೆಯಾಯಿತು ಎಂದು ಗುರುತು ಹಾಕಿಕೊಳ್ಳಿ. ಅದನ್ನೇ ಅರ್ಜಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬರೆಯಬಹುದು. ಬರೆಯಲು ಬಾರದಿದ್ದರೆ ಮಗುವಿನಿಂದ ಬರೆಸಿ. ದಾನಿಗಳೇ, ಆ ನಾಲ್ಕು ಸಾಲು ಓದಿದ ಮೇಲೆ ಎಷ್ಟು ಕೊಡಬೇಕೆಂದು ನಾವು ಹೇಳಬೇಕಾಗುವುದಿಲ್ಲ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳನ್ನು ಹೋಗುವಾಗಲೂ ಬರುವಾಗಲೂ ಕಾಪಾಡಲಿ. ಆಮೀನ್.